ಅನ್ನ ಕಿರಿದಾಗಲಿ, ಮೇಲೋಗರ ಹಿರಿದಾಗಲಿ

ಭಟ್ಕಳದಿಂದ ಹೊನ್ನಾವರವನ್ನು ದಾಟಿ ಕುಮಟಾದವರೆಗೆ ಹಬ್ಬಿರುವ ಉತ್ತರ ಕನ್ನಡದ ಕರಾವಳಿಯಲ್ಲಿ ಜಾತಿ, ಮತ, ಮನೆಮಾತುಗಳು ಹಲವಾಗಿದ್ದರೂ ಊಟದ ಚೌಕಟ್ಟು ಬಹುಮಟ್ಟಿಗೆ ಒಂದೇ ಆಗಿದೆ. ನಡುವೆ ಅನ್ನ ಅಥವಾ ಗಂಜಿ, ಅದಕ್ಕೆ ಕಾಯಿ ಅರೆದು ಮಾಡಿದ ಹುಳಿ ಅಥವಾ ಮೀನಸಾರು, ಅಂಚಿನಲ್ಲಿ ಪಲ್ಯ, ತಂಬುಳಿ, ಉಪ್ಪಿನಕಾಯಿಗಳಲ್ಲಿ ಒಂದೆರಡು. ಹವ್ಯಕರ, ಹಾಲಕ್ಕಿ ಒಕ್ಕಲಿಗರ, ನಾಮಧಾರಿಗಳ, ಖಾರ್ವಿ ಮತ್ತು ಮೊಗೇರ ಮುಂತಾದ ಮೀನುಗಾರ ಸಮುದಾಯಗಳ, ಕೊಂಕಣಿ ಮಾತನಾಡುವ ಸಾರಸ್ವತರ, ಭಟ್ಕಳದ ನವಾಯತರ ಅಡುಗೆಗಳಲ್ಲಿ ರುಚಿಯ ಭೇದ ಎಷ್ಟೇ ಇದ್ದರೂ ಹೊಟ್ಟೆ ತುಂಬಿಸುವ ಹೊಣೆ ಅಕ್ಕಿಯ ಮೇಲೆಯೇ ಇದೆ. ಗದ್ದೆಯ ನೆಟ್ಟಿ, ತೋಟದ ಕೆಲಸ, ದೋಣಿಗೆ ಹುಟ್ಟು ಹಾಕುವುದು, ಬಲೆ ಎಳೆಯುವುದು, ತಲೆಹೊರೆಯಲ್ಲಿ ಮೀನು ಹೊತ್ತು ಊರೂರು ತಿರುಗುವುದು ಇವೆಲ್ಲ ನಿತ್ಯದ ದುಡಿಮೆಯಾಗಿದ್ದ ಕಾಲದಲ್ಲಿ ಬೆಳಗ್ಗೆ ಉಂಡ ಗಂಜಿ ಮಧ್ಯಾಹ್ನದೊಳಗೆ ಬೆವರಾಗಿ ಹರಿದುಹೋಗುತ್ತಿತ್ತು. ದೋಣಿಗೆ ಯಂತ್ರ ಬಂದು, ಮನೆಮನೆಗೂ ಬೈಕು ಬಂದು, ಅಂಗಡಿ, ಬ್ಯಾಂಕು, ಶಾಲೆಗಳ ಕುಳಿತ ಕೆಲಸ ಹೆಚ್ಚಿದ ಮೇಲೂ ತಟ್ಟೆಯ ಮೇಲಿನ ಅನ್ನದ ರಾಶಿ ಅಷ್ಟೇ ಉಳಿಯಿತು. ಬದಲಾದದ್ದು ಅದರ ಗುಣ ಮಾತ್ರ, ಕೆಂಪು ಕುಚ್ಚಲಕ್ಕಿಯ ಜಾಗಕ್ಕೆ ಪಾಲಿಶ್ ಮಾಡಿದ ಬಿಳಿ ಅಕ್ಕಿ ಬಂದು ಕುಳಿತಿತು.

ಈ ವ್ಯತ್ಯಾಸದ ಬೆಲೆ ಈಗ ದೇಶದ ಲೆಕ್ಕಪತ್ರಗಳಲ್ಲಿ ಕಾಣಿಸುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರಾಜ್ಯಗಳನ್ನೆಲ್ಲ ಒಳಗೊಂಡು ನಡೆಸಿದ ಇಂಡಿಯಾಬ್ ಎಂಬ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾದಾಗ, ದೇಶದ ವಯಸ್ಕರಲ್ಲಿ ಶೇ 11.4ರಷ್ಟು, ಅಂದರೆ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದೂ ಶೇ 35.5ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಿದೆಯೆಂದೂ ತಿಳಿದುಬಂತು. ಇಂತಹ ಅಂಕಿಗಳ ಮುಂದೆ ಆರೋಗ್ಯಕರ ಆಹಾರದ ಮಾತು ಬಂದೊಡನೆ ಓಟ್ಸ್, ಕಿನೋವಾ, ಪ್ರೋಟೀನ್ ಪುಡಿ ಮುಂತಾದ ಹೊರಗಿನ ಸರಕುಗಳ ಹೆಸರು ಕೇಳಿಬರುತ್ತದೆ. ಕರಾವಳಿಯ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಅವು ಯಾವುವೂ ಅಗತ್ಯವಿಲ್ಲ. ಬೇಕಾದ ಪದಾರ್ಥಗಳೆಲ್ಲ ಇಲ್ಲಿನ ಹಿತ್ತಿಲು, ಗಜನಿ, ಹೊಳೆ, ಕಡಲುಗಳಲ್ಲಿಯೇ ಇವೆ. ಸರಿಪಡಿಸಬೇಕಾದದ್ದು ತಟ್ಟೆಯೊಳಗಿನ ಪಾಲು. ಅನ್ನವು ಕಿರಿದಾಗಿ ಮೇಲೋಗರವು ಹಿರಿದಾದರೆ, ಉಪ್ಪು, ಎಣ್ಣೆ, ಸಕ್ಕರೆಗಳ ಕೈಯಳತೆ ಒಂದಿಷ್ಟು ತಗ್ಗಿದರೆ, ಉಳಿದ ಬಹುಪಾಲು ತಾನಾಗಿ ಹಾದಿಗೆ ಬರುತ್ತದೆ.

ಕುಚ್ಚಲಕ್ಕಿಯ ವಿಜ್ಞಾನ, ಕಗ್ಗದ ಗಜನಿ

ಬತ್ತವನ್ನು ನೆನೆಸಿ, ಹಂಡೆಯಲ್ಲಿ ಸಿಪ್ಪೆ ಬಿರಿಯುವವರೆಗೆ ಬೇಯಿಸಿ, ಅಂಗಳದಲ್ಲಿ ಒಣಗಿಸಿ ಆಮೇಲೆ ಗಿರಣಿಗೆ ಕೊಡುವುದು ಕುಚ್ಚಲಕ್ಕಿಯ ಕ್ರಮ. ಹೀಗೆ ಬೇಯುವಾಗ ಹೊರಪದರವಾದ ತೌಡಿನಲ್ಲಿರುವ ಬಿ ಗುಂಪಿನ ವಿಟಮಿನ್‌ಗಳು, ಮುಖ್ಯವಾಗಿ ಥಯಾಮಿನ್, ಕಾಳಿನ ಒಳಭಾಗಕ್ಕೆ ಇಳಿಯುವುದರಿಂದ ಗಿರಣಿಯಲ್ಲಿ ತೌಡು ಹೋದರೂ ಸತ್ವದ ಒಂದು ಪಾಲು ಅಕ್ಕಿಯಲ್ಲಿ ಉಳಿಯುತ್ತದೆ. ಇದರ ಮಹತ್ವ ಜಗತ್ತಿಗೆ ತಿಳಿದದ್ದು ಬೆರಿಬೆರಿ ಎಂಬ ನರದೌರ್ಬಲ್ಯದ ಕಾಯಿಲೆಯ ಮೂಲಕ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ತಿಯಾನ್ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ ತೌಡು ಉಳಿದ ಅಕ್ಕಿ ಕೊಟ್ಟಾಗ ಚೇತರಿಸಿಕೊಳ್ಳುವುದನ್ನೂ ಗಮನಿಸಿದನು; ಈ ಕೆಲಸಕ್ಕಾಗಿ 1929ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಭಾರತದಲ್ಲಿ ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಆರಂಭಿಸಿದ ಬೆರಿಬೆರಿ ಅಧ್ಯಯನವೇ ಮುಂದೆ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಪೂರ್ವ ಕರಾವಳಿಯಲ್ಲಿ ಪಾಲಿಶ್ ಮಾಡಿದ ಹಸಿ ಅಕ್ಕಿ ಉಣ್ಣುತ್ತಿದ್ದ ಸೀಮೆಗಳಲ್ಲಿ ಈ ಕಾಯಿಲೆ ಕಾಡಿದರೆ, ಕುಚ್ಚಲಕ್ಕಿ ಉಣ್ಣುವವರು ಅದರಿಂದ ಬಹುತೇಕ ದೂರವೇ ಉಳಿದರು.

ಈ ಭಾಗದ ಕೆಂಪಕ್ಕಿಗಳಲ್ಲಿ ಕಗ್ಗಕ್ಕೆ ವಿಶೇಷ ಸ್ಥಾನವಿದೆ. ಅಘನಾಶಿನಿ ಹೊಳೆ ಕಡಲನ್ನು ಸೇರುವ ಅಳಿವೆಯ ಇಕ್ಕೆಲಗಳಲ್ಲಿ, ಭರತಕ್ಕೆ ಉಪ್ಪುನೀರು ಏರುವ ತಗ್ಗು ಭೂಮಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಸಿಹಿನೀರು ತುಂಬಿದಾಗ ಅಲ್ಲಿ ಉಪ್ಪನ್ನು ತಾಳಿಕೊಂಡು ಎತ್ತರಕ್ಕೆ ಬೆಳೆಯುವ ಬತ್ತವೇ ಕಗ್ಗ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಸುತ್ತಿನ ರೈತರು ರಸಗೊಬ್ಬರದ ಹಂಗಿಲ್ಲದೆ ಇದನ್ನು ಬೆಳೆಸಿಕೊಂಡು ಬಂದಿದ್ದಾರೆ. ಸಿಗಡಿ ಕೃಷಿ ಹಬ್ಬಿ, ಒಡ್ಡುಗಳು ಶಿಥಿಲಗೊಂಡು ಬೆಳೆ ಕುಗ್ಗಿದ್ದರೂ ಸಿಕ್ಕಷ್ಟು ಕಗ್ಗವನ್ನು ಗಂಜಿಗೆ ಕೊಳ್ಳುವ ಮನೆಗಳು ಹೆಚ್ಚಿದರೆ ಆ ಗದ್ದೆಗಳಿಗೂ ಬಲ ಬರುತ್ತದೆ.

ಆದರೆ ಕೆಂಪಕ್ಕಿ ಎಂಬ ಕಾರಣಕ್ಕೆ ಎರಡು ಸಲ ಬಡಿಸಿಕೊಳ್ಳುವುದರಿಂದ ಲಾಭವಿಲ್ಲ. ಇಂಡಿಯಾಬ್ ಅಧ್ಯಯನದ ಆಹಾರ ಸಂಬಂಧಿ ಭಾಗ 2025ರಲ್ಲಿ ಪ್ರಕಟವಾಗಿದ್ದು, ಭಾರತೀಯರ ಆಹಾರಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಗಳಿಂದ ಬರುತ್ತಿದೆಯೆಂದು ಅದು ಹೇಳುತ್ತದೆ. ಒಟ್ಟು ಪಿಷ್ಟದ ಪ್ರಮಾಣವನ್ನು ತಗ್ಗಿಸದೆ ಬಿಳಿ ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಂದುಕೊಂಡರೆ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆಯಾಗುವುದಿಲ್ಲವೆಂಬುದೂ, ಪಿಷ್ಟದ ಒಂದು ಸಣ್ಣ ಪಾಲನ್ನು ಬೇಳೆಕಾಳು ಅಥವಾ ಹಾಲು, ಮೊಸರುಗಳ ಪ್ರೋಟೀನಿಗೆ ಬಿಟ್ಟುಕೊಟ್ಟರೆ ಕಡಿಮೆಯಾಗುತ್ತದೆ ಎಂಬುದೂ ಅದರ ಮುಖ್ಯ ನಿರ್ಣಯ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2,000 ಕಿಲೊ ಕ್ಯಾಲೊರಿ ಬೇಕಾದ ವ್ಯಕ್ತಿಗೆ ಸುಮಾರು 250 ಗ್ರಾಂ ಧಾನ್ಯ ಸಾಕು. ಇದು ಬೇಯಿಸುವ ಮೊದಲಿನ ತೂಕವಾಗಿದ್ದು, ಬೆಳಗಿನ ದೋಸೆ, ಸಂಜೆಯ ಅವಲಕ್ಕಿ, ಎರಡು ಹೊತ್ತಿನ ಅನ್ನ ಎಲ್ಲವೂ ಇದರೊಳಗೇ ಸೇರಬೇಕು. ಕರಾವಳಿಯ ಅನೇಕ ಮನೆಗಳಲ್ಲಿ ದೋಸೆಯೂ ಅಕ್ಕಿ, ಊಟವೂ ಅಕ್ಕಿ, ತಿಂಡಿಯೂ ಅಕ್ಕಿ ಆಗಿರುವುದರಿಂದ ಒಂದು ವಾರ ಅಳೆದು ನೋಡಿದವರಿಗೆ ತಮ್ಮ ಲೆಕ್ಕ ತಾವೇ ಸಿಗುತ್ತದೆ.

ಅಳತೆ ತಗ್ಗಿಸುವ ಸುಲಭದ ದಾರಿ ಬಡಿಸುವ ಕ್ರಮದಲ್ಲಿದೆ. ಮೊದಲು ಪಲ್ಯ, ಕೋಸಂಬರಿ, ಕಾಳಿನ ಸಾರುಗಳನ್ನು ಬಡಿಸಿಕೊಂಡು ಸ್ವಲ್ಪ ತಿಂದ ಮೇಲೆ ಅನ್ನ ಹಾಕಿಕೊಂಡರೆ ಎರಡನೆಯ ಸಲದ ಅನ್ನ ತಾನಾಗಿ ಕಡಿಮೆಯಾಗುತ್ತದೆ. ದೋಸೆಯ ಹಿಟ್ಟಿಗೆ ಅಕ್ಕಿಯನ್ನು ಇಳಿಸಿ ಉದ್ದು, ಹೆಸರು, ಮೆಂತೆಗಳನ್ನು ಏರಿಸುವುದು, ಮೊಗೆಕಾಯಿಯನ್ನೋ ಸೌತೆಕಾಯಿಯನ್ನೋ ತುರಿದು ಸೇರಿಸುವುದು ಇಲ್ಲಿ ಹಳೆಯ ರೂಢಿಯೇ ಆಗಿದೆ. ವಾರದಲ್ಲಿ ಎರಡು ಮೂರು ದಿನ ಹುರುಳಿ ಸಾರು ಮಾಡಿ, ಬೆಂದ ಕಾಳನ್ನು ಎಮ್ಮೆಗೆ ಹಾಕದೆ ಪಲ್ಯವಾಗಿ ಉಣ್ಣುವುದು ಪ್ರೋಟೀನಿನ ಕೊರತೆಗೆ ಅಗ್ಗದ ಪರಿಹಾರ. ಅನ್ನವನ್ನು ಬಸಿಯುವ ಮನೆಗಳಲ್ಲಿ ಗಂಜಿತಿಳಿಯನ್ನು ಚೆಲ್ಲದಿರುವುದು ಒಳ್ಳೆಯದು, ಏಕೆಂದರೆ ನೀರಿನಲ್ಲಿ ಕರಗುವ ವಿಟಮಿನ್‌ಗಳು ಅದರೊಡನೆ ಹರಿದುಹೋಗುತ್ತವೆ. ತಿಳಿಯ ಸಮೇತ ಉಣ್ಣುವ ಗಂಜಿ ಈ ನಷ್ಟವನ್ನು ತಪ್ಪಿಸುವುದಲ್ಲದೆ, ಕಡಿಮೆ ಅಕ್ಕಿಯಲ್ಲಿಯೇ ಹೊಟ್ಟೆ ತುಂಬಿಸುತ್ತದೆ.

ಬಚ್ಚಲ ನೀರಿನ ಬಸಳೆ, ಬಟ್ಟಲ ತುಂಬ ತಂಬುಳಿ

ಪೋಷಣಾ ಸಂಸ್ಥೆಯ ಅದೇ ಮಾರ್ಗಸೂಚಿಯು ದಿನಕ್ಕೆ 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು ಇರಬೇಕೆನ್ನುತ್ತದೆ. ಘಟ್ಟದ ಮೇಲಿಂದ ಲಾರಿಯಲ್ಲಿ ಇಳಿಯುವ ತರಕಾರಿಯ ದರ ನೋಡುವ ಸಂಸಾರಕ್ಕೆ ಇದು ದೊಡ್ಡ ಪ್ರಮಾಣವಾಗಿ ಕಂಡರೂ ಹಿತ್ತಿಲ ಲೆಕ್ಕವೇ ಬೇರೆ. ಹೊನ್ನಾವರ, ಕುಮಟಾ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ಹರಿದುಹೋಗುವ ಕಡೆ ನಾಲ್ಕು ಗೂಟ ನಟ್ಟು, ಅಡಿಕೆ ದಬ್ಬೆಯ ಅಡ್ಡ ಹಾಕಿ ಬಸಳೆ ಚಪ್ಪರ ಕಟ್ಟುವುದು ವಾಡಿಕೆ. ಬಳ್ಳಿಯ ತುಂಡನ್ನು ಊರಿ, ಬುಡಕ್ಕೆ ಸಗಣಿ ಗೊಬ್ಬರ, ಬೂದಿ ಕೊಟ್ಟರೆ ಅದು ತಿಂಗಳುಗಟ್ಟಲೆ ಕುಡಿ ಚಿಗುರುತ್ತಲೇ ಇರುತ್ತದೆ. ಸಸ್ಯಾಹಾರಿಗಳು ಅದನ್ನು ಅಲಸಂದೆಯ ಜೊತೆಗೆ, ಮೀನುಣ್ಣುವವರು ಶೆಟ್ಲಿಯ, ಅಂದರೆ ಸಿಗಡಿಯ ಜೊತೆಗೆ ಬೇಯಿಸುತ್ತಾರೆ. ಹೆದ್ದಾರಿ ಅಗಲೀಕರಣದಲ್ಲಿ ಅಂಗಳ ಕಳೆದುಕೊಂಡ ಮನೆಗಳಿಗೂ ಭಟ್ಕಳದ ಫ್ಲ್ಯಾಟುಗಳಿಗೂ ಒಂದು ದೊಡ್ಡ ಕುಂಡ ಮತ್ತು ಬಾಲ್ಕನಿಯ ಕಂಬಿ ಇದ್ದರೆ ಬಸಳೆಗೆ ಅಷ್ಟು ಸಾಕು. ಹರಿವೆ, ಕೆಸು, ಮಳೆಗಾಲದಲ್ಲಿ ತಾನಾಗಿ ಹುಟ್ಟುವ ಚಗಟೆ ಸೊಪ್ಪು, ನುಗ್ಗೆ ಇವಕ್ಕೆ ಅದಕ್ಕಿಂತಲೂ ಕಡಿಮೆ ಆರೈಕೆ ಸಾಕು.

ಹಸಿರನ್ನು ನಿತ್ಯದ ಊಟಕ್ಕೆ ತರುವ ಅತಿ ಸರಳ ಉಪಾಯ ತಂಬುಳಿ. ಒಂದೆಲಗ, ದೊಡ್ಡಪತ್ರೆ, ಪೇರಲೆ ಕುಡಿ ಇವುಗಳಲ್ಲಿ ಸಿಕ್ಕಿದ್ದನ್ನು ಒಂದು ಹಿಡಿ ತಂದು, ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನೊಡನೆ ಅರ್ಧ ಚಮಚ ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ಕಾಯಿತುರಿಯೊಡನೆ ನುಣ್ಣಗೆ ಅರೆದು, ಕಡೆದ ಮಜ್ಜಿಗೆಗೆ ಬೆರೆಸಿದರೆ ಹತ್ತು ನಿಮಿಷದಲ್ಲಿ ತಂಬುಳಿ ಸಿದ್ಧವಾಗುತ್ತದೆ. ಒಂದೆಲಗವನ್ನು ಬಾಡಿಸದೆ ಹಸಿಯಾಗಿಯೇ ಅರೆಯುವವರೂ ಇದ್ದಾರೆ. ಅನ್ನಕ್ಕೆ ಕಲಸಿಕೊಳ್ಳುವುದಕ್ಕಿಂತ ಬಟ್ಟಲಲ್ಲಿ ಹಾಕಿಕೊಂಡು ಕುಡಿದರೆ ಅನ್ನದ ಅಳತೆಯೂ ಏರುವುದಿಲ್ಲ. ಬೇಸಿಗೆಯಲ್ಲಿ ಹೆದ್ದಾರಿಯ ಬದಿಗೆ ಅಳವೆಕೋಡಿ, ಹಂದಿಗೋಣ, ವನ್ನಳ್ಳಿಗಳ ಸುತ್ತ ಜಡೆ ಹೆಣೆದು ನೇತುಹಾಕಿ ಮಾರುವ ಕುಮಟಾದ ಸಿಹಿ ಈರುಳ್ಳಿಯು ಖಾರ ಕಡಿಮೆ ಇರುವುದರಿಂದ ಹಸಿಯಾಗಿ ತಿನ್ನಲು ತಕ್ಕುದಾಗಿದೆ. ಸೌತೆಕಾಯಿ, ನೆನೆಸಿದ ಹೆಸರುಬೇಳೆ, ಲಿಂಬೆರಸದೊಡನೆ ಕೂಡಿದರೆ ಅದು ಎಣ್ಣೆಯೇ ಬೇಡದ ಕೋಸಂಬರಿಯಾಗುತ್ತದೆ.

ಲಿಂಬೆರಸದ ಮಾತಿಗೆ ಇನ್ನೊಂದು ಕಾರಣವೂ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ವಿಟಮಿನ್ ಸಿ ನೆರವಾಗುತ್ತದೆ, ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಅಡ್ಡಿಯಾಗುತ್ತದೆ. ಹೀಗಾಗಿ ಪಲ್ಯಕ್ಕೆ ಲಿಂಬೆ ಹಿಂಡಿಕೊಳ್ಳುವುದು, ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸು ಬಿಡುವುದು ಕಾಸಿನ ಖರ್ಚಿಲ್ಲದ ಬದಲಾವಣೆಗಳು.

ಸಣ್ಣ ಮೀನು, ದೊಡ್ಡ ಲಾಭ

ಮೀನುಣ್ಣುವ ಮನೆಗಳಲ್ಲಿ ಇಸ್ವಾಣ, ಪಾಪ್ಲೆಟ್‌ಗಳಿಗೆ ಇರುವ ಮರ್ಯಾದೆ ತಾರ್ಲೆ, ಬಂಗುಡೆಗಳಿಗೆ ಇಲ್ಲ. ಪೌಷ್ಟಿಕತೆಯ ದೃಷ್ಟಿಯಿಂದ ನೋಡಿದರೆ ಅಗ್ಗದ ಈ ಎಣ್ಣೆಮೀನುಗಳಲ್ಲಿಯೇ ಹೃದಯಕ್ಕೆ ಹಿತವಾದ ಒಮೆಗಾ-3 ಎಂಬ ಕೊಬ್ಬಿನ ಆಮ್ಲಗಳೂ ವಿಟಮಿನ್ ಡಿ ಕೂಡ ಹೇರಳವಾಗಿವೆ. ಮುಳ್ಳಿನ ಸಮೇತ ತಿನ್ನಬಹುದಾದ ಸಣ್ಣ ಮೀನುಗಳಿಂದ ಸುಣ್ಣದ ಅಂಶವೂ ದೊರೆಯುತ್ತದೆ. ತಾರ್ಲೆಯನ್ನು ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿದಾಗ ಅದರ ಒಳ್ಳೆಯ ಕೊಬ್ಬಿನ ಜೊತೆಗೆ ಬೇಡದಷ್ಟು ಎಣ್ಣೆಯೂ ಹೊಟ್ಟೆಗೆ ಸೇರುವುದರಿಂದ, ಮುರುಗಲಿನ ಅಥವಾ ಅಮಟೆಕಾಯಿಯ ಹುಳಿ, ನಾಲ್ಕು ಜುಮ್ಮನಕಾಯಿ ಹಾಕಿ ಕುದಿಸಿದ ಸಾರು ಹೆಚ್ಚು ಯೋಗ್ಯ. ಹುರಿದ ಮೀನು ಬೇಕೇಬೇಕೆನ್ನುವವರು ಕಾವಲಿಯ ಮೇಲೆ ಬಾಳೆಎಲೆ ಹಾಸಿ, ಎಣ್ಣೆ ಸವರಿ ಸುಡಬಹುದು. ವಾರಕ್ಕೆ ಏಳು ದಿನ ಹುರಿಯುವ ಮನೆಯಲ್ಲಿ ಅದು ಎರಡು ದಿನಕ್ಕೆ ಇಳಿದರೂ ಎಣ್ಣೆಯ ಡಬ್ಬಿ ಖಾಲಿಯಾಗುವ ವೇಗವೇ ವ್ಯತ್ಯಾಸವನ್ನು ಹೇಳುತ್ತದೆ.

ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರೂ ಗಂಡಸರೂ ಆರಿಸುವ ಬಳಚು, ಕಲ್ವ, ನೀಲಿಕಲ್ಲುಗಳೆಂಬ ಚಿಪ್ಪುಜೀವಿಗಳಲ್ಲಿ ಕೊಬ್ಬು ಕಡಿಮೆ, ಪ್ರೋಟೀನು, ಕಬ್ಬಿಣ, ಸತು ಹೆಚ್ಚು. 4,801 ಹೆಕ್ಟೇರಿನ ಈ ಅಳಿವೆಗೆ 2024ರಲ್ಲಿ ರಾಮ್‌ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯ ಮನ್ನಣೆ ದೊರೆತಿರುವುದು ಪಕ್ಷಿಗಳಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲ. ಚಿಪ್ಪುಜೀವಿಗಳು ನೀರನ್ನು ಸೋಸಿ ಬದುಕುವುದರಿಂದ ಹೊಳೆಗೆ ಸೇರಿದ ಕೊಳೆಯೆಲ್ಲ ಅವುಗಳ ಮೂಲಕ ತಟ್ಟೆಗೆ ಬರಬಹುದು. ಹೊಳೆಯ ಶುದ್ಧಿ ಊಟದ ಶುದ್ಧಿಯೂ ಆಗಿದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಒಣಮೀನಿನ ಬಳಕೆ ಏರುತ್ತದೆ. ಒಣಮೀನು ಪ್ರೋಟೀನಿನ ಗಟ್ಟಿ ಆಕರವಾದರೂ ಅದರಲ್ಲಿ ಉಪ್ಪು ವಿಪರೀತ. ಬಿಸಿನೀರಿನಲ್ಲಿ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ತೊಳೆದು, ಆ ದಿನದ ಸಾರಿಗೆ ಬೇರೆ ಉಪ್ಪು ಹಾಕದಿರುವುದು ರಕ್ತದೊತ್ತಡ ಇರುವವರಿಗೆ ಕಡ್ಡಾಯವೆನ್ನಬಹುದಾದ ಎಚ್ಚರ.

ಉಪ್ಪು, ಕಾಯಿ, ಎಣ್ಣೆ

ಹಳೆಯದೆಲ್ಲವೂ ಹಿತವೆಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕದ ಮೆಣಸು, ಒಣಮೀನು ಇವೆಲ್ಲ ಮಳೆಗಾಲಕ್ಕೆಂದು ಉಪ್ಪಿನ ಬಲದಿಂದ ಕಾಪಿಟ್ಟ ಪದಾರ್ಥಗಳು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದ ಒಳಗೆ ಉಪ್ಪು ಸಾಕು. ಸಾರಿನಲ್ಲಿ ಉಪ್ಪು, ಗಂಜಿಯ ಮೇಲೆ ಉಪ್ಪು, ಅಂಚಿಗೆ ಉಪ್ಪಿನಕಾಯಿ, ಜೊತೆಗೆ ಹಪ್ಪಳ ಎಂದಾಗ ಈ ಮಿತಿ ಮಧ್ಯಾಹ್ನದ ಊಟದಲ್ಲಿಯೇ ಮುಗಿಯಬಹುದು. ಗಂಜಿಗೆ ಪ್ರತ್ಯೇಕ ಉಪ್ಪು ಹಾಕುವುದನ್ನು ಬಿಟ್ಟು ಉಪ್ಪಿನಕಾಯಿಯ ರಸವನ್ನೇ ನೆಚ್ಚಿಕೊಳ್ಳುವುದು, ಇಲ್ಲವೇ ಉಪ್ಪಿನಕಾಯಿ ಇದ್ದ ದಿನ ಹಪ್ಪಳವನ್ನು ಬಿಡುವುದು ಮೊದಲ ಹೆಜ್ಜೆಯಾಗಬಹುದು. ಮುರುಗಲು, ಅಮಟೆ, ಲಿಂಬೆಗಳ ಹುಳಿ ಚೆನ್ನಾಗಿದ್ದರೆ ಉಪ್ಪು ತಗ್ಗಿದ್ದು ನಾಲಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಕಡಲ ನೀರನ್ನು ಪಾತಿಗಳಲ್ಲಿ ಒಣಗಿಸಿ ತೆಗೆಯುವ ಹರಳುಪ್ಪು ಈ ಭಾಗದ ಹೆಮ್ಮೆಯೇ ಸರಿ, ಆದರೆ ರಕ್ತದೊತ್ತಡದ ಮಟ್ಟಿಗೆ ಹರಳುಪ್ಪೂ ಪುಡಿಯುಪ್ಪೂ ಒಂದೇ. ಅಯೋಡಿನ್ ಸೇರಿಸಿದ ಉಪ್ಪನ್ನೇ ಆರಿಸಿಕೊಳ್ಳುವುದು, ವಿಶೇಷವಾಗಿ ಕಡಲ ಮೀನು ತಿನ್ನದ ಮನೆಗಳಲ್ಲಿ, ಅಗತ್ಯ.

ತೆಂಗಿನ ವಿಷಯದಲ್ಲಿ ಎರಡು ಅತಿಗಳೂ ಸಲ್ಲವು. ಹಸಿ ಕಾಯಿತುರಿಯಲ್ಲಿ ನಾರಿನ ಅಂಶ ಸಾಕಷ್ಟಿದ್ದರೂ ಅದರ ತೂಕದ ಸುಮಾರು ಮೂರನೆಯ ಒಂದು ಪಾಲು ಕೊಬ್ಬು. ಕೊಬ್ಬರಿ ಎಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಂತೃಪ್ತ ಕೊಬ್ಬು, ಅಂದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸಬಲ್ಲ ಬಗೆಯ ಕೊಬ್ಬು. ಕಾಯಿಯನ್ನು ಬಿಡಬೇಕಾಗಿಲ್ಲ, ಹುಳಿಗೂ ಪಲ್ಯಕ್ಕೂ ಚಟ್ನಿಗೂ ಒಂದೇ ದಿನ ಕಾಯಿ ಬೀಳದಂತೆ ನೋಡಿಕೊಂಡು, ಅರ್ಧ ಕಾಯಿ ಹಾಕುವಲ್ಲಿ ಕಾಲು ಕಾಯಿ ಹಾಕಿ, ಸಾರಿನ ಮಂದಕ್ಕೆ ಬೆಂದ ತರಕಾರಿಯನ್ನೋ ಬೇಳೆಯನ್ನೋ ಮಸೆದರೆ ಸಾಕು. ಅಡುಗೆ ಎಣ್ಣೆಗೆ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಕೊಡುವ ಮಿತಿ ಒಬ್ಬರಿಗೆ ದಿನಕ್ಕೆ 27 ಗ್ರಾಂ. ನಾಲ್ಕು ಜನರ ಸಂಸಾರಕ್ಕೆ ತಿಂಗಳಿಗೆ ಮೂರೂಕಾಲು ಕಿಲೊಗಿಂತ ಹೆಚ್ಚು ಎಣ್ಣೆ ಬರುತ್ತಿದ್ದರೆ ಕಿರಾಣಿ ಚೀಟಿಯೇ ಎಚ್ಚರಿಕೆ ಕೊಟ್ಟಂತೆ.

ಪೇಟೆಯ ತಿನಿಸು, ಹಬ್ಬದ ಊಟ

ಮನೆಯ ಊಟ ಸರಿಯಿದ್ದರೂ ಸಂಜೆಯ ತಿಂಡಿ ಅದನ್ನು ಕೆಡಿಸುವುದುಂಟು. ಬಾಳೆಹಣ್ಣು, ಸಕ್ಕರೆ ಹಾಕಿ ಮೈದಾದಿಂದ ಕರಿಯುವ ಬನ್ಸ್, ಬೇಕರಿಯ ಪಫ್, ಗಾಡಿಯ ಗೋಬಿ ಮಂಚೂರಿ ಇವು ನಿತ್ಯದ ತಿನಿಸಾದಾಗ ನಾರಿಲ್ಲದ ಪಿಷ್ಟ, ಎಣ್ಣೆ, ಉಪ್ಪು ಮೂರೂ ಒಟ್ಟಿಗೆ ಒಳಸೇರುತ್ತವೆ. ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿ, ಜೂನಿನಲ್ಲಿ ಕಬಾಬಿಗೂ ಅದನ್ನು ವಿಸ್ತರಿಸಿತು. ಬಣ್ಣ ಹೋದರೂ ಕರಿದ ಎಣ್ಣೆ ಉಳಿದಿದೆ ಎಂಬುದನ್ನು ಗಿರಾಕಿ ಮರೆಯುವಂತಿಲ್ಲ. ಬೇಯಿಸಿದ ಗೆಣಸು, ನೆನೆಸಿದ ಕಡಲೆ, ಒಂದು ಹಿಡಿ ಶೇಂಗಾ, ಹಿತ್ತಿಲ ಬಾಳೆಹಣ್ಣು, ಪೇರಲೆ ಇವು ಶಾಲೆಯಿಂದ ಬಂದ ಮಕ್ಕಳ ಮುಂದೆ ಮೊದಲೇ ಇದ್ದರೆ ಗಾಡಿಯ ಸೆಳೆತ ವಾರಕ್ಕೊಮ್ಮೆಗೆ ಇಳಿಯುತ್ತದೆ. ಬಂದವರ ಆಸರಿಗೆ ಬೆಲ್ಲ, ನೀರು ಕೊಡುವ ಪದ್ಧತಿ ಸುಂದರವಾಗಿದ್ದರೂ ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ. ಒಣಗಿದ ಮುರುಗಲ ಸಿಪ್ಪೆಯನ್ನು ನೆನೆಸಿ ಜೀರಿಗೆ ಪುಡಿ ಹಾಕಿದ ಪಾನಕ, ಮಜ್ಜಿಗೆ, ಅಪ್ಪೆಹುಳಿ ಎಂಬ ನೀರುನೀರಾದ ಮಾವಿನಕಾಯಿ ಸಾರು ಇವು ಬಾಟಲಿಯ ಶರಬತ್ತಿಗಿಂತ ಎಷ್ಟೋ ಮೇಲು.

ಭಟ್ಕಳದ ಬಿರಿಯಾನಿಯಲ್ಲಿ ಈರುಳ್ಳಿ, ಹಸಿಮೆಣಸುಗಳ ಮಸಾಲೆಯಲ್ಲಿ ಬೆಂದ ಮಾಂಸ ಒಂದು ಪದರ, ಅನ್ನ ಮತ್ತೊಂದು ಪದರ. ಬಡಿಸುವ ಸೌಟು ಮಸಾಲೆಯ ಪದರಕ್ಕೆ ಹೆಚ್ಚು, ಅನ್ನದ ಪದರಕ್ಕೆ ಕಡಿಮೆ ಹೋಗುವುದೂ, ಜೊತೆಗೆ ಕರಿದ ಕಬಾಬಿನ ಬದಲು ಸೌತೆಕಾಯಿ, ಈರುಳ್ಳಿಯ ರಾಯತ ಇರುವುದೂ ರುಚಿಗೆ ಧಕ್ಕೆ ತಾರದ ಬದಲಾವಣೆಗಳು. ರಂಜಾನಿನಲ್ಲಿ ಖರ್ಜೂರ ಮತ್ತು ನೀರಿನಿಂದ ಉಪವಾಸ ಬಿಟ್ಟು, ನಮಾಜಿನ ಬಳಿಕ ಊಟಕ್ಕೆ ಕೂರುವ ಕ್ರಮ ಹೊಟ್ಟೆಗೂ ಹಿತವಾದದ್ದು. ಆ ಎರಡರ ನಡುವೆ ಕರಿದ ತಿಂಡಿಗಳ ಸಾಲು ಬರದಂತೆ ಒಂದೇ ಬಗೆಗೆ ನಿಲ್ಲಿಸಿ, ಹಣ್ಣು ಮತ್ತು ಕಾಳಿನ ಉಸುಲಿಗೆ ಜಾಗ ಕೊಟ್ಟರೆ ತಿಂಗಳ ಕೊನೆಗೆ ತೂಕ ಏರುವುದು ತಪ್ಪುತ್ತದೆ.

ಬದಲಾವಣೆಯ ಹೊಣೆ ಯಾರದು

ಇವೆಲ್ಲವನ್ನೂ ಒಂದೇ ಸೋಮವಾರ ಆರಂಭಿಸುವ ಮನೆಗಳು ಮುಂದಿನ ಸೋಮವಾರಕ್ಕೆ ಕೈಬಿಡುವುದೇ ಹೆಚ್ಚು. ಮೊದಲ ತಿಂಗಳು ಅಕ್ಕಿಯ ಅಳತೆ, ಎರಡನೆಯ ತಿಂಗಳು ದಿನಕ್ಕೊಂದು ಸೊಪ್ಪು, ಮೂರನೆಯ ತಿಂಗಳು ಉಪ್ಪು ಮತ್ತು ಎಣ್ಣೆ ಎಂದು ಒಂದೊಂದಾಗಿ ರೂಢಿಸಿಕೊಂಡರೆ ನಾಲಗೆಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನವನ್ನು ಥಟ್ಟನೆ ಇಳಿಸಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದಾದ್ದರಿಂದ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು; ಮೂತ್ರಪಿಂಡದ ತೊಂದರೆ ಇರುವವರಿಗೂ ಈ ಮಾತು ಅನ್ವಯಿಸುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಸೊಪ್ಪು ಕೊಯ್ದು ಸೋಸುವುದು, ತಾರ್ಲೆಯ ಹೊಟ್ಟೆ ಸೀಳಿ ತೊಳೆಯುವುದು, ಕಾಳು ನೆನೆಸಿಡುವುದು, ತಂಬುಳಿಗೆ ಅರೆಯುವುದು ಇವೆಲ್ಲ ಅನ್ನಕ್ಕೆ ನೀರಿಡುವುದಕ್ಕಿಂತ ಹೆಚ್ಚಿನ ಕೆಲಸ, ಮತ್ತು ಇಂದಿಗೂ ಬಹುಪಾಲು ಮನೆಗಳಲ್ಲಿ ಅದು ಹೆಂಗಸರ ಪಾಲಿನದು. ಅನ್ನ ಹೆಚ್ಚಾಗಿ ಮೇಲೋಗರ ಕಡಿಮೆಯಾದದ್ದಕ್ಕೆ ಬಡತನವೊಂದೇ ಕಾರಣವಲ್ಲ, ಅಡುಗೆಮನೆಯಲ್ಲಿ ದುಡಿಯುವ ಕೈಗಳ ಕೊರತೆಯೂ ಕಾರಣ. ಆದ್ದರಿಂದ ತಟ್ಟೆಯ ಪಾಲು ಬದಲಾಗಬೇಕಾದರೆ ಕೆಲಸದ ಪಾಲೂ ಬದಲಾಗಬೇಕು: ಉಣ್ಣುವವರೆಲ್ಲರೂ ಹೆಚ್ಚುವುದರಲ್ಲಿ, ತೊಳೆಯುವುದರಲ್ಲಿ, ಚಪ್ಪರಕ್ಕೆ ನೀರು ಹಾಕುವುದರಲ್ಲಿ ಕೈಜೋಡಿಸದ ಮನೆಯಲ್ಲಿ ಆರೋಗ್ಯದ ಉಪದೇಶವು ಒಬ್ಬಳ ಬೆನ್ನಿಗೆ ಇನ್ನೊಂದು ಹೊರೆಯಾಗಿ, ಕೆಲವೇ ವಾರಗಳಲ್ಲಿ ಮೊದಲಿನ ರೂಢಿಗೇ ಮರಳುತ್ತದೆ.